ಸೊಫ್ರೆ ಹಾಸುವ ಮುನ್ನ: ಇರಾನಿ ಮದುವೆಯ ಹೆಜ್ಜೆಗಳು, ಅವುಗಳ ಬೇರುಗಳು

ಶಿರಾಜ್‌ನಲ್ಲಿ ಗೆಳತಿಯ ತಂಗಿಯ ಮದುವೆ. ವಧೂವರರ ತಲೆಯ ಮೇಲೆ ನಾಲ್ವರು ಹೆಂಗಸರು ಬಿಳಿ ರೇಷ್ಮೆ ಬಟ್ಟೆಯನ್ನು ಚಪ್ಪರದಂತೆ ಎತ್ತಿ ಹಿಡಿದಿದ್ದರು. ಬಂಧುಗಳು ಒಬ್ಬೊಬ್ಬರಾಗಿ ಬಂದು ಅದರ ಮೇಲೆ ಎರಡು ಸಕ್ಕರೆ ಅಚ್ಚುಗಳನ್ನು ಒಂದಕ್ಕೊಂದು ಉಜ್ಜಿ ಪಕ್ಕಕ್ಕೆ ಸರಿಯುತ್ತಿದ್ದರು. ನನ್ನ ಸರದಿ ಬಂದಾಗ ತೆಂಗಿನಕಾಯಿ ತುರಿಯುವ ರಭಸದಲ್ಲಿ ಉಜ್ಜಿಬಿಟ್ಟೆ. ಗೆಳತಿಯ ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದು, "ಮೆಲ್ಲಗೆ, ಅಜೀಜಂ. ಸಕ್ಕರೆ ಸುರಿಯಬಾರದು, ಉದುರಬೇಕು" ಅಂದರು. ಅಜೀಜಂ ಅಂದರೆ 'ನನ್ನ ಮುದ್ದು'. ಆಮೇಲೆ ಮೆಲ್ಲಗೆ ಉಜ್ಜಿದೆ. ಬಟ್ಟೆಯ ನಡುವೆ ಸಣ್ಣ ಬಿಳಿ ಗುಡ್ಡೆಯೊಂದು ಬೆಳೆಯುತ್ತಾ ಹೋಯಿತು. ಕೆಳಗೆ ಕೂತಿದ್ದ ಹುಡುಗಿ ಅಲುಗಾಡದೆ ಕನ್ನಡಿ ನೋಡುತ್ತಿದ್ದಳು.

ಇರಾನಿ ಗೆಳೆಯರ ಮದುವೆಗೆ ಕರೆ ಬಂದವರಿಗೆ, ಮಗನೋ ಮಗಳೋ ಇರಾನಿ ಮನೆತನದೊಡನೆ ಸಂಬಂಧ ಬೆಳೆಸುತ್ತಿರುವ ತಂದೆತಾಯಂದಿರಿಗೆ, ಸೊಫ್ರೆಯನ್ನು, ಅಂದರೆ ಮದುವೆಯ ಹಾಸನ್ನು ಸ್ವತಃ ಹಾಸಬೇಕಾಗಿ ಬಂದವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಶುರುವಿನಲ್ಲೇ ಒಂದು ಮಾತು. ಇರಾನಿ ಮದುವೆಯಲ್ಲಿ ಕಾಣುವುದೆಲ್ಲ 'ಮೂರು ಸಾವಿರ ವರ್ಷ ಹಳೆಯದು' ಎಂದು ಯಾರಾದರೂ ಹೇಳಿದರೆ ಹಾಗೇ ಒಪ್ಪಿಕೊಳ್ಳಬೇಡಿ. ಆ ಹಾಸಿನ ಮೇಲಿನ ಒಂದೊಂದು ಪದಾರ್ಥಕ್ಕೂ ಬೇರೆ ಬೇರೆ ವಯಸ್ಸು. ದೀಪದ ಮೇಲಿನ ಭಕ್ತಿ ಇಸ್ಲಾಮಿಗಿಂತ ಹಿಂದಿನ ಇರಾನಿನ ಪ್ರವಾದಿ ಜರತುಷ್ಟ್ರನ ಕಾಲದಿಂದ ಬಂದದ್ದು, ಈಗ ಓದುವ ಕರಾರು ಇಸ್ಲಾಮಿನದು, ಸಕ್ಕರೆ ನಮ್ಮ ಕಡೆಯಿಂದ ಹೋದದ್ದು, ಚಹಾ ನಿನ್ನೆ ಮೊನ್ನೆಯದು. ಯಾವುದು ಎಲ್ಲಿಂದ ಬಂತೆಂದು ತಿಳಿದು ಹಾಸಿದರೆ ಆ ಹಾಸು ನಿಮ್ಮೊಂದಿಗೆ ಮಾತಾಡುತ್ತದೆ. ತಿಳಿಯದೆ ಹಾಸಿದರೆ ಫೋಟೋದ ಹಿಂದಿನ ಪರದೆಯಾಗಿ ಉಳಿದುಬಿಡುತ್ತದೆ.

ಮೊದಲ ಹೆಜ್ಜೆ: ದಿನ ಮತ್ತು ಕಾಗದ

ನಾವು ಆಷಾಢ ಬಿಡುವ ಹಾಗೆ ಶಿಯಾ ಮನೆತನಗಳು ಮೊಹರಂ ಮತ್ತು ಸಫರ್ ತಿಂಗಳಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಅದು ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೇನರಿಗಾಗಿ ಶೋಕಿಸುವ ಕಾಲ. ಇಸ್ಲಾಮಿ ಪಂಚಾಂಗ ಚಂದ್ರನನ್ನು ಅನುಸರಿಸುವುದರಿಂದ ಈ ತಿಂಗಳುಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. ಹೋದ ವರ್ಷದ ತಾರೀಖು ನೋಡಿ ಛತ್ರ ಕಾಯ್ದಿರಿಸಬೇಡಿ. ಜಿಲ್‌ಹಜ್ ತಿಂಗಳ ಮೊದಲ ದಿನ ಇಮಾಮ್ ಅಲಿ ಮತ್ತು ಫಾತಿಮಾ ಅವರ ವಿವಾಹದ ದಿನವೆಂಬ ನಂಬಿಕೆಯಿದೆ. ಅಂದು ಇರಾನಿನ ಮದುವೆ ಕಚೇರಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಇದಕ್ಕಿಂತ ಹಳೆಯ ಪದ್ಧತಿಯಲ್ಲಿ ಮದುವೆಯ ಕಾಲ ವಸಂತ. ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಎರಡು ಸಾವಿರ ವರ್ಷಗಳ ಹಿಂದೆ ಪರ್ಷಿಯನ್ನರ ಬಗ್ಗೆ ಬರೆಯುತ್ತಾ, ಅವರ ಮದುವೆಗಳು ವಸಂತ ವಿಷುವದ ಆರಂಭದಲ್ಲಿ ನಡೆಯುತ್ತವೆ ಅನ್ನುತ್ತಾನೆ. ಮದುಮಗ ಆ ದಿನ ಒಂದು ಸೇಬನ್ನೋ ಒಂಟೆಯ ಮಜ್ಜೆಯನ್ನೋ ತಿಂದು, ಬೇರೇನೂ ಮುಟ್ಟದೆ ವಧುವಿನ ಕೋಣೆಗೆ ಹೋಗುತ್ತಾನಂತೆ. ಇವತ್ತಿನ ಮದುವೆಯ ಹಾಸಿನ ಮೇಲೂ ಸೇಬು ಕೂತಿರುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ಸ್ಟ್ರಾಬೊನ ಆ ಹಸಿದ ಮದುಮಗ ನೆನಪಾಗುತ್ತಾನೆ.

ಕಾಗದದ ಕೆಲಸ ಮೊದಲೇ ಮುಗಿಸಿಕೊಳ್ಳಿ. ಇರಾನಿನಲ್ಲಿ 1931ರ ಮದುವೆ ಕಾನೂನಿನಿಂದಲೇ ನೋಂದಣಿ ಶುರುವಾಯಿತು. ಮದುವೆಗೆ ಮುಂಚೆ ವಧೂವರರು ರಕ್ತಪರೀಕ್ಷೆ ಮಾಡಿಸಬೇಕು. ಥಲಸೇಮಿಯಾ ಎಂಬ ವಂಶವಾಹಿ ರಕ್ತರೋಗದ ವಾಹಕರನ್ನು ಗುರುತಿಸುವ ಈ ಪರೀಕ್ಷೆ 1997ರಿಂದ ದೇಶವಿಡೀ ಜಾರಿಯಲ್ಲಿದೆ. ಹುಡುಗಿಗೆ ಅದು ಮೊದಲ ಮದುವೆಯಾದರೆ ತಂದೆಯ ಒಪ್ಪಿಗೆ ಬೇಕು. ಪರದೇಶದ ವರನಾದರೆ ಕಾಗದ ಇನ್ನೂ ಹೆಚ್ಚು, ಅದಕ್ಕೆ ಇರಾನಿ ದೂತಾವಾಸದಲ್ಲೇ ವಿಚಾರಿಸಿ.

ಎರಡನೆಯ ಹೆಜ್ಜೆ: ಖಾಸ್ತೆಗಾರಿ, ಅಂದರೆ ಹೆಣ್ಣು ಕೇಳುವುದು

ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹೂವು, ಸಿಹಿ ಹಿಡಿದು ಹೋಗುತ್ತಾರೆ. ಹುಡುಗಿ ಚಹಾ ತರುತ್ತಾಳೆ. ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು, ಕೇಸರಿಭಾತಿನ ತಟ್ಟೆ ಹಿಡಿದು ಬಂದವರಿಗೆ ಆ ಗಳಿಗೆ ಹೊಸದಲ್ಲ. ತಟ್ಟೆ ಹಿಡಿದ ಕೈ ನಡುಗುವುದು, ಎಲ್ಲರೂ ಅದನ್ನು ಕಾಣದವರ ಹಾಗೆ ಕೂರುವುದು, ಎಲ್ಲವೂ ಗೊತ್ತಿರುವುದೇ.

ಇಲ್ಲಿ ನೀವು ಕಲಿಯಬೇಕಾದದ್ದು 'ತಾರೂಫ್' ಎಂಬ ಉಪಚಾರದ ಮಾತು. ಏನನ್ನೇ ಕೊಟ್ಟರೂ ಮೊದಲ ಸಲ ಬೇಡವೆನ್ನಬೇಕು, ಅವರು ಒತ್ತಾಯ ಮಾಡಬೇಕು, ಆಮೇಲೆ ತೆಗೆದುಕೊಳ್ಳಬೇಕು. ನೀವು ಕೊಡುವಾಗಲೂ ಅಷ್ಟೆ, ಒಮ್ಮೆ 'ಬೇಡ' ಅಂದರೆಂದು ತಟ್ಟೆ ಹಿಂದಕ್ಕೆಳೆದುಕೊಳ್ಳಬೇಡಿ. ಹಳ್ಳಿಯ ಅಜ್ಜಿಮನೆಯಲ್ಲಿ ಬೆಳೆದ ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈ ಭೇಟಿಯಲ್ಲಿ ಹಣದ ಮಾತು ಎತ್ತಬೇಡಿ. ಅದಕ್ಕೆ ಮುಂದಿನ ಹೆಜ್ಜೆಯಿದೆ.

ಮೂರನೆಯ ಹೆಜ್ಜೆ: ಬಲೇ ಬೊರೂನ್ ಮತ್ತು ಮೆಹ್ರಿಯೆ

ಪರ್ಷಿಯನ್ ಭಾಷೆಯಲ್ಲಿ 'ಬಲೇ' ಅಂದರೆ 'ಹೌದು'. ಬಲೇ ಬೊರೂನ್ ಎರಡೂ ಮನೆಯವರು ಕೂತು ಹೌದೆಂದು ಒಪ್ಪಿಕೊಳ್ಳುವ ದಿನ, ನಮ್ಮ ನಿಶ್ಚಿತಾರ್ಥದ ಹಾಗೆ. ಮೆಹ್ರಿಯೆ ಎಷ್ಟೆಂದು ತೀರ್ಮಾನವಾಗುವುದು ಇಲ್ಲೇ. ಮೆಹ್ರಿಯೆ ಅಂದರೆ ವರ ವಧುವಿಗೆ ಕೊಡಲು ಒಪ್ಪಿಕೊಳ್ಳುವ ಆಸ್ತಿ. ಅದು ಅವಳ ಹಕ್ಕು, ಅವಳು ಕೇಳಿದಾಗ ಕೊಡಬೇಕಾದ ಸಾಲ. ವರದಕ್ಷಿಣೆಯೊಂದಿಗೆ ಇದನ್ನು ಕಲಸಬೇಡಿ. ಇಲ್ಲಿ ಕೊಡುವವನು ಗಂಡು.

ಇವತ್ತು ಇದನ್ನು ಎಣಿಸುವುದು ಬಹಾರ್ ಆಜಾದಿ ಎಂಬ ಚಿನ್ನದ ನಾಣ್ಯಗಳಲ್ಲಿ. ಒಂದು ನಾಣ್ಯ 8.13 ಗ್ರಾಂ. 2013ರ ಕುಟುಂಬ ರಕ್ಷಣಾ ಕಾನೂನು 110 ನಾಣ್ಯಗಳ ಗಡಿ ಹಾಕಿತು. ಅಷ್ಟರವರೆಗಿನ ಮೆಹ್ರಿಯೆ ಕೊಡದ ಗಂಡನ ಮೇಲೆ ಜೈಲಿನ ಬಲ ಬಳಸಬಹುದು, ಅದಕ್ಕೂ ಮೇಲಿನದಕ್ಕೆ ಅವನ ಕೈಯಲ್ಲಿ ಆಸ್ತಿಯಿದೆಯೆಂದು ತೋರಿಸಬೇಕು ಎಂದು. 110 ನಾಣ್ಯವೆಂದರೆ ಸುಮಾರು 894 ಗ್ರಾಂ ಚಿನ್ನ. ಆದ್ದರಿಂದ ಈ ಮಾತುಕತೆಯಲ್ಲಿ ನಗುನಗುತ್ತಾ ದೊಡ್ಡ ಸಂಖ್ಯೆಗೆ ತಲೆಯಾಡಿಸಬೇಡಿ. ಹುಡುಗಿ ಹುಟ್ಟಿದ ವರ್ಷದಷ್ಟು ನಾಣ್ಯ ಬರೆಯಿಸುವವರಿದ್ದಾರೆ, ಹದಿನಾಲ್ಕು ಸಾಕೆನ್ನುವವರೂ ಇದ್ದಾರೆ. ನಾಣ್ಯಗಳ ಜೊತೆಗೆ ಒಂದು ಕುರಾನ್, ಒಂದು ಕನ್ನಡಿ, ಜೋಡಿ ದೀಪದ ಕಂಬ, ಒಂದು ಕೊಂಬೆ ಕಲ್ಲುಸಕ್ಕರೆ ಎಂದೂ ಬರೆಯುತ್ತಾರೆ. ಕಾನೂನಿನ ಕಾಗದದಲ್ಲಿ ಕಲ್ಲುಸಕ್ಕರೆ! ನನಗೆ ಈ ಸಾಲು ತುಂಬಾ ಇಷ್ಟ.

ಈಗಿನ ಮೆಹ್ರಿಯೆ ಇಸ್ಲಾಮಿ ನಿಕಾಹದ ಮಹ್ರ್. ಆದರೆ ಸಾಕ್ಷಿಗಳ ಮುಂದೆ ಇಷ್ಟು ಕೊಡುತ್ತೇನೆಂದು ಗಂಡಿನ ಕಡೆಯವರು ಮಾತು ಕೊಡುವ ಪದ್ಧತಿ ಜರತುಷ್ಟ್ರಿಯರಲ್ಲೂ ಇದೆ. ಅದರ ಗುರುತು ಇರಾನಿಗಿಂತ ಚೆನ್ನಾಗಿ ಉಳಿದಿರುವುದು ನಮ್ಮ ದೇಶದ ಪಾರ್ಸಿಗಳಲ್ಲಿ. ಅವರ ಮದುವೆಯ ಆಶೀರ್ವಾದ್ ಪಠಣದಲ್ಲಿ ಪುರೋಹಿತರು ಇವತ್ತಿಗೂ ಎರಡು ಸಾವಿರ ದಿರ್ಹಮ್ ಶುದ್ಧ ಬೆಳ್ಳಿ, ನಿಶಾಪುರದ ಎರಡು ದಿನಾರ್ ಕೆಂಪು ಚಿನ್ನ ಎಂದು ಹೇಳುತ್ತಾರೆ. ನಿಶಾಪುರ ಇರಾನಿನ ಈಶಾನ್ಯದ ಊರು. ಇವರ ಹಿರಿಯರು ಹಡಗು ಹತ್ತಿ ಗುಜರಾತಿಗೆ ಬಂದು ಸಾವಿರ ವರ್ಷ ಕಳೆದಿದೆ. ಆ ದಿನಾರು ಈಗ ಯಾವ ಪೇಟೆಯಲ್ಲೂ ಸಿಗದು. ಆದರೂ ಊರಿನ ಹೆಸರು ಮದುವೆಯ ಮಂತ್ರದಲ್ಲಿ ಹಾಗೇ ಕೂತಿದೆ. ಬೆಂಗಳೂರಿನ ಕ್ವೀನ್ಸ್ ರಸ್ತೆಯ ಅಗ್ನಿಮಂದಿರದ ಮುಂದೆ ಹಾದುಹೋಗುವಾಗ ನನಗೆ ನೆನಪಾಗುವುದು ಈ ಎರಡು ದಿನಾರು.

ಹಾಗೇ ಒಂದು ಎಚ್ಚರಿಕೆ. ಮಹ್ರ್ ಅರಬ್ಬಿ ಪದ. ಪರ್ಷಿಯನ್ನಿನಲ್ಲಿ ಪ್ರೀತಿಗೆ 'ಮೆಹ್ರ್' ಅನ್ನುತ್ತಾರೆ, ಅದು ಮಿಥ್ರ ದೇವತೆಯ ಹೆಸರಿನಿಂದ ಬಂದದ್ದು, ನಮ್ಮ 'ಮಿತ್ರ'ನ ಬಂಧು. ಎರಡೂ ಒಂದೇ ಎಂದು ಹಲವರು ಹೇಳುತ್ತಾರೆ. ಉಚ್ಚಾರ ಹತ್ತಿರ, ಬೇರು ಬೇರೆ.

ನಾಲ್ಕನೆಯ ಹೆಜ್ಜೆ: ಸೊಫ್ರೆ ಹಾಸುವುದು

ಮದುವೆಯ ಕರಾರಿಗೆ 'ಅಗ್ದ್' ಎಂದು ಹೆಸರು. ಅದರ ಮುಂದೆ ನೆಲದ ಮೇಲೆ ಹಾಸುವ ಬಟ್ಟೆಯೇ ಸೊಫ್ರೆ. ಈಗ ತಗ್ಗಿನ ಮೇಜಿನ ಮೇಲೂ ಹಾಸುತ್ತಾರೆ. ನೆಲವೇ ಚೆಂದ, ಆದರೆ ಮಂಡಿ ನೋವಿನ ಹಿರಿಯರಿದ್ದರೆ ಮೇಜು ಇಡಿ. ವಧೂವರರು ಬೆಳಕು ಬರುವ ದಿಕ್ಕಿಗೆ, ಅಂದರೆ ಪೂರ್ವಕ್ಕೆ ಮುಖ ಮಾಡಿ ಕೂರುವುದು ಹಳೆಯ ಕ್ರಮ.

ಬಟ್ಟೆ: ತಾಯಿಯ ಮದುವೆಯಲ್ಲಿ ಹಾಸಿದ್ದ ಬಟ್ಟೆ ಮಗಳಿಗೆ ಬರುತ್ತದೆ. ಹಾಗೆ ಇಲ್ಲದವರು ಯಜ್ದ್ ಊರಿನ 'ತೆರ್ಮೆ' ಹುಡುಕುತ್ತಾರೆ. ಒತ್ತಾದ ನೇಯ್ಗೆ, ಅದರ ತುಂಬಾ ನಮ್ಮ ಸೀರೆಯ ಮಾವಿನಕಾಯಿ ಅಂಚಿನಂಥ ಬೊತ್ತೆ ವಿನ್ಯಾಸ. ತೆರ್ಮೆ ಸಿಗದಿದ್ದರೆ ಯಾವ ಒಳ್ಳೆಯ ಬಟ್ಟೆಯೂ ಆದೀತು. ಮನೆಯ ರೇಷ್ಮೆ ಸೀರೆ ಹಾಸಿದರೂ ಯಾರೂ ತಪ್ಪೆನ್ನುವುದಿಲ್ಲ.

ಕನ್ನಡಿ ಮತ್ತು ದೀಪ: ಹಾಸಿನ ತಲೆಯ ಭಾಗದಲ್ಲಿ ಕನ್ನಡಿ, ಅದರ ಎರಡೂ ಪಕ್ಕ ಮೇಣದಬತ್ತಿಯ ಕಂಬಗಳು. ಎಲ್ಲಕ್ಕಿಂತ ಮೊದಲು ಇದನ್ನು ಇಡಿ, ಉಳಿದದ್ದೆಲ್ಲ ಇದನ್ನು ನೋಡಿ ಕೂರುತ್ತದೆ. ಜರತುಷ್ಟ್ರ ಧರ್ಮದಲ್ಲಿ ಬೆಂಕಿ ಮತ್ತು ಬೆಳಕು ಪರಮದೈವ ಅಹುರ ಮಜ್ದನ ಕಡೆಗೆ ಮುಖ ಮಾಡಲು ಇರುವ ಗುರುತು. ಸೊಫ್ರೆಯ ಮೇಲಿರುವ ಎಲ್ಲದರಲ್ಲೂ ಬೇರು ಅತ್ಯಂತ ಆಳವಾಗಿ ಇಳಿದಿರುವುದು ಇದಕ್ಕೇ. ವಧು ಬಂದು ಕೂತು ಮುಸುಕು ಸರಿಸಿದಾಗ ವರನ ಕಣ್ಣಿಗೆ ಮೊದಲು ಬೀಳಬೇಕಾದದ್ದು ಕನ್ನಡಿಯಲ್ಲಿನ ಅವಳ ಮುಖ. ಇದಕ್ಕೇ 'ಭಾಗ್ಯದ ಕನ್ನಡಿ' ಅನ್ನುತ್ತಾರೆ. ಆದ್ದರಿಂದ ಕನ್ನಡಿಯ ಕೋನವನ್ನು ಮುಂಚೆಯೇ ಸರಿಮಾಡಿ. ಇಬ್ಬರನ್ನು ವಧೂವರರ ಜಾಗದಲ್ಲಿ ಕೂರಿಸಿ, ಒಬ್ಬರಿಗೆ ಇನ್ನೊಬ್ಬರ ಮುಖ ಕನ್ನಡಿಯಲ್ಲಿ ಕಾಣುತ್ತದೆಯೇ ಎಂದು ನೋಡಿ. ಶಿರಾಜ್‌ನಲ್ಲಿ ಹೂವಿನ ಗುಚ್ಛವೊಂದು ಅಡ್ಡ ಬಂದು, ಕೊನೆ ಗಳಿಗೆಯಲ್ಲಿ ಯಾರೋ ಮಂಡಿಯೂರಿ ಅದನ್ನು ಎಳೆದು ಹಾಕಬೇಕಾಯಿತು. ಛತ್ರದವರು ಬೆಂಕಿ ಹಚ್ಚಬಾರದೆಂದರೆ ವಿದ್ಯುತ್ ದೀಪ ಇಡುವುದು ಅನಿವಾರ್ಯ. ಆದರೂ ಒಂದಾದರೂ ನಿಜವಾದ ಬತ್ತಿಗೆ ಅನುಮತಿ ಕೇಳಿ ನೋಡಿ.

ಏಳು ಬಣ್ಣದ ತಟ್ಟೆ: ದೊಡ್ಡ ತಟ್ಟೆಯಲ್ಲಿ ಏಳು ಪಾಲು. ಗಸಗಸೆ, ಅಕ್ಕಿ, ಒಣಗಿಸಿದ ಸೊಪ್ಪು, ಉಪ್ಪು, ಕಪ್ಪು ಜೀರಿಗೆ, ಚಹಾ ಎಲೆ, ಧೂಪದ ಅಂಟು. ಕೆಟ್ಟ ಕಣ್ಣು, ಮಾಟ ತಾಗದಿರಲೆಂದು ಇದನ್ನು ಇಡುತ್ತಾರೆ. ಪುಡಿಗಳನ್ನು ರಂಗೋಲಿಯಂತೆ ಬಳ್ಳಿ, ಹೂವು ಆಗುವ ಹಾಗೆ ತುಂಬುತ್ತಾರೆ. ರಂಗೋಲಿ ಬಿಡುವ ಕೈಯಿದ್ದರೆ ಈ ಕೆಲಸ ನೀವೇ ವಹಿಸಿಕೊಳ್ಳಿ, ಮನೆಯವರಿಗೆ ಖುಷಿಯಾಗುತ್ತದೆ. ದುಬೈ, ಅಬುಧಾಬಿಯಲ್ಲಿರುವ ಓದುಗರೇ, ಯುಎಇಯಲ್ಲಿ ಗಸಗಸೆ ನಿಷಿದ್ಧ. ಊರಿನಿಂದ ಒಯ್ಯಬೇಡಿ, ಅದರ ಜಾಗದಲ್ಲಿ ಎಳ್ಳು ಹಾಕಿ.

ಏಳು ಎಂಬ ಸಂಖ್ಯೆಗೆ ಜರತುಷ್ಟ್ರ ಧರ್ಮದಲ್ಲಿ ಹಳೆಯ ಗೌರವವಿದೆ: ಅಹುರ ಮಜ್ದ ಮತ್ತು ಅಮೆಶ ಸ್ಪೆಂತರೆಂಬ ಆರು ದಿವ್ಯಶಕ್ತಿಗಳು ಸೇರಿ ಏಳು. ಆದರೆ ತಟ್ಟೆಯಲ್ಲಿರುವ ಚಹಾ? ಇರಾನಿನ ಮನೆಮನೆಗೆ ಚಹಾ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಲ್ಲೇ ಬೆಳೆಯತೊಡಗಿದ್ದು 1900ರ ಹೊತ್ತಿಗೆ, ಭಾರತದಲ್ಲಿ ರಾಯಭಾರ ಕಚೇರಿಯಲ್ಲಿದ್ದ ಕಾಶೆಫ್ ಅಲ್ ಸಲ್ತನೆ ಕಾಂಗ್ರಾದಿಂದ ಸಸಿ ಒಯ್ದು ಲಾಹಿಜಾನ್‌ನಲ್ಲಿ ನೆಟ್ಟ ಮೇಲೆ. ಅಂದರೆ ಈ ತಟ್ಟೆಯ ಏಳನೇ ಒಂದು ಪಾಲು ಹಿಮಾಚಲದ ಬೆಟ್ಟದ್ದು. ಇದರಿಂದ ತಟ್ಟೆಯ ಬೆಲೆಯೇನೂ ಕಡಿಮೆಯಾಗುವುದಿಲ್ಲ. ಮನೆಗೆ ಬಂದ ಹೊಸ ಪದಾರ್ಥವನ್ನೂ ಮಂಗಳಕಾರ್ಯಕ್ಕೆ ಸೇರಿಸಿಕೊಂಡ ಜನರ ಮೇಲೆ ಪ್ರೀತಿ ಹೆಚ್ಚಾಗುತ್ತದೆ.

ಎಸ್ಫಂದ್: ಇನ್ನೊಂದು ಪುಟ್ಟ ಅಗ್ಗಿಷ್ಟಿಕೆಯಲ್ಲಿ ಕೆಂಡ, ಅದರ ಮೇಲೆ ಎಸ್ಫಂದ್ ಬೀಜ. ಸಾಸಿವೆಯ ಹಾಗೆ ಚಟಪಟ ಸಿಡಿಯುತ್ತದೆ, ದಟ್ಟ ಹೊಗೆ ಬಿಡುತ್ತದೆ. ದೃಷ್ಟಿ ತೆಗೆಯಲು ನಾವು ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತೇವಲ್ಲ, ಅದೇ ಉದ್ದೇಶ. ವಾಸನೆ ಕಟುವಾದರೂ ಹಿತ. ಹೊಗೆ ಕಂಡರೆ ಕೂಗುವ ಯಂತ್ರವಿರುವ ಛತ್ರದಲ್ಲಿ ಒಳಗೆ ಹಚ್ಚಬೇಡಿ, ಬಾಗಿಲ ಹೊರಗೆ ವಧೂವರರ ತಲೆಯ ಸುತ್ತ ಆಡಿಸಿ ಒಳಗೆ ಕರೆತನ್ನಿ.

ರೊಟ್ಟಿ: ಸಂಗಕ್ ಎಂಬ ಉದ್ದನೆಯ ರೊಟ್ಟಿ ಬೇಕು. ಬಿಸಿ ಬೆಣಚುಕಲ್ಲುಗಳ ಮೇಲೆ ಬೇಯಿಸುವುದರಿಂದ ಆ ಹೆಸರು. 'ಸಂಗ್' ಅಂದರೆ ಕಲ್ಲು. ಅದರ ಮೇಲೆ ಕೇಸರಿಯಲ್ಲೋ ದಾಲ್ಚಿನ್ನಿ ಪುಡಿಯಲ್ಲೋ 'ಮೊಬಾರಕ್ ಬಾದ್' ಎಂದು ಬರೆಯುತ್ತಾರೆ. ಪಕ್ಕದಲ್ಲಿ ಉಪ್ಪು ಗಿಣ್ಣು, ಹಸಿ ಸೊಪ್ಪು. ಇದು ತಿನ್ನಲಿಕ್ಕಿರುವುದು. ಅಗ್ದ್ ಮುಗಿದೊಡನೆ ಮುರಿದು ಎಲ್ಲರಿಗೂ ಹಂಚಬೇಕು, ಒಣಗಲು ಬಿಡಬಾರದು.

ಮೊಟ್ಟೆ, ಬಾದಾಮಿ, ಅಕ್ರೋಟು: ಬಣ್ಣ ಹಚ್ಚಿದ್ದು, ಸಂತಾನದ ಗುರುತು. ಮೊಟ್ಟೆ ಬೇಡವೆನ್ನುವ ಸಸ್ಯಾಹಾರಿ ಬೀಗರಿದ್ದರೆ ಸಿಪ್ಪೆ ಸಮೇತದ ಬಾದಾಮಿ, ಅಕ್ರೋಟು ಅದೇ ಅರ್ಥ ಕೊಡುತ್ತವೆ. ದಾಳಿಂಬೆ, ಸೇಬನ್ನೂ ಇಡಿ. ಒಂದು ಬಟ್ಟಲು ಚಿನ್ನದ ನಾಣ್ಯ. ಒಂದು ಪುಟ್ಟ ಬಟ್ಟಲು ಜೇನು. ಕಾಶಾನ್ ಹತ್ತಿರದ ಗಮ್ಸರ್‌ನ ಗುಲಾಬಿ ನೀರು ಸಿಕ್ಕರೆ ಬೇರೆ ಬೇಡ, ಅಲ್ಲಿ ವಸಂತದಲ್ಲಿ ಊರಿಗೆ ಊರೇ ಹೂ ಕಿತ್ತು ಭಟ್ಟಿ ಇಳಿಸುತ್ತದೆ. ಸಿಹಿಯಲ್ಲಿ 'ನೊಗ್ಲ್' ತಪ್ಪಿಸಬೇಡಿ: ಸಕ್ಕರೆ ಕವಚದೊಳಗೆ ಬಾದಾಮಿಯ ಎಸಳು, ಇರಾನಿನ ಅಜರ್‌ಬೈಜಾನ್ ಕಡೆಯ ಉರ್ಮಿಯೆಯದು ಹೆಸರುವಾಸಿ. ಅಕ್ಕಿಹಿಟ್ಟಿನ ಬಿಸ್ಕತ್ತು, ಕಡಲೆಹಿಟ್ಟಿನ ಪುಟಾಣಿ ಹೂವು, ಬಕ್ಲಾವಾ, ಇವೆಲ್ಲ ನಿಮ್ಮ ಶಕ್ತ್ಯಾನುಸಾರ.

ಪುಸ್ತಕ: ನಟ್ಟನಡುವೆ ತೆರೆದ ಪುಸ್ತಕ. ಮುಸ್ಲಿಮರ ಮನೆಯಲ್ಲಿ ಕುರಾನ್, ಜರತುಷ್ಟ್ರಿಯರಲ್ಲಿ ಅವೆಸ್ತಾ. ಜೊತೆಗೋ ಬದಲಾಗೋ ಹಾಫಿಜ್‌ನ ದೀವಾನ್, ಅಂದರೆ ಕವನಸಂಗ್ರಹ. ಶಿರಾಜ್‌ನ ಈ ಕವಿಯನ್ನು ಬಹಮನಿ ಸುಲ್ತಾನ ನಮ್ಮ ಕಲಬುರಗಿಗೆ ಕರೆಸಿದ್ದ, ಕವಿ ಹೊರ್ಮುಜ್‌ವರೆಗೂ ಬಂದು ಹಡಗು ಹತ್ತಿ, ಬಿರುಗಾಳಿಗೆ ಹೆದರಿ ಇಳಿದು, ಒಂದು ಗಜಲ್ ಕಳಿಸಿಕೊಟ್ಟ ಎಂದು ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫಿರಿಶ್ತಾ ಹೇಳುತ್ತಾನೆ. ಸೊಫ್ರೆಯ ಮೇಲೆ ದೀವಾನ್ ಕಂಡಾಗ ಈ ಕಥೆ ಹೇಳಿ ನೋಡಿ, ಶಿರಾಜ್‌ನವರ ಮುಖ ಅರಳುತ್ತದೆ.

ಸಕ್ಕರೆ ಅಚ್ಚು: ಕೊನೆಗೆ ಇದು. ಗೇಣುದ್ದದ, ಶಂಕುವಿನಾಕಾರದ ಎರಡು ಗಟ್ಟಿ ಸಕ್ಕರೆ ಅಚ್ಚು, ಹೆಸರು 'ಕಲ್ಲೆ ಗಂದ್'. ಹಿಡಿಯುವ ತುದಿಗೆ ಜಾಲರಿ ಬಟ್ಟೆ ಸುತ್ತಿ ರಿಬ್ಬನ್ ಕಟ್ಟಿ, ಇಲ್ಲದಿದ್ದರೆ ಕೈಬೆವರಿಗೆ ಅಂಟುತ್ತದೆ. ಮೇಲೆ ಹಿಡಿಯುವ ಬಟ್ಟೆ ಪ್ರತಿ ಬದಿಯೂ ಒಂದೂವರೆ ಮೀಟರಿನಷ್ಟಾದರೂ ಇರಲಿ, ಅದಕ್ಕಿಂತ ಚಿಕ್ಕದಾದರೆ ಸಕ್ಕರೆಯೆಲ್ಲ ವಧುವಿನ ಕೂದಲಿಗೆ. 'ಗಂದ್' ನಮ್ಮ 'ಖಂಡ'ದಿಂದ, 'ಶೆಕರ್' ನಮ್ಮ 'ಶರ್ಕರ'ದಿಂದ ಹೋದ ಪದಗಳು. ಕಬ್ಬು ಭಾರತದಿಂದ ಪಶ್ಚಿಮಕ್ಕೆ ನಡೆದ ದಾರಿಯಲ್ಲಿ ಹೆಸರೂ ಜೊತೆಗೆ ಹೋಯಿತು. 628ರ ಹೊತ್ತಿಗೆ ಬೈಜಾಂಟಿಯಮ್‌ನ ದೊರೆ ಹೆರಾಕ್ಲಿಯಸ್ ಇರಾನಿನ ಸಸಾನಿಯ ವಂಶದ ಅರಸನ ದಸ್ತಗಿರ್ದ್ ಅರಮನೆಯನ್ನು ಸೂರೆಮಾಡಿದಾಗ ರೇಷ್ಮೆ, ಮೆಣಸಿನ ಜೊತೆ ಸಕ್ಕರೆಯೂ ಸಿಕ್ಕಿತ್ತು. ಆಗ ಅದು ಅರಮನೆಯ ಉಗ್ರಾಣದ ವಸ್ತು. ಮನೆಮನೆಯ ಮದುವೆಯಲ್ಲಿ ತಲೆಯ ಮೇಲೆ ಉದುರಿಸುವಷ್ಟು ಅಗ್ಗವಾಗಲು ಅದಕ್ಕೆ ಇನ್ನೂ ಬಹುಕಾಲ ಬೇಕಾಯಿತು.

ಇಲ್ಲೊಂದು ಮಾತು ನಾನು ಹೇಳಲೇಬೇಕು. ಆ ಬಟ್ಟೆ ಹಿಡಿಯುವವರು, ಸಕ್ಕರೆ ಉಜ್ಜುವವರು 'ಸೆಫಿದ್ ಬಖ್ತ್' ಆಗಿರಬೇಕು, ಅಂದರೆ ಸುಖವಾಗಿ ಸಂಸಾರ ನಡೆಸುತ್ತಿರುವ ಹೆಂಗಸರಾಗಿರಬೇಕು ಎಂಬ ಹಳೆಯ ನಿಯಮವಿದೆ. ನಮ್ಮ ಮುತ್ತೈದೆ ಶಾಸ್ತ್ರವೇ. ಗಂಡನನ್ನು ಕಳೆದುಕೊಂಡವರು, ವಿಚ್ಛೇದನ ಪಡೆದವರು ಗೋಡೆಯ ಪಕ್ಕ ನಿಲ್ಲಬೇಕು. ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಅರಿಶಿನ ಕುಂಕುಮದ ಹೊತ್ತಿಗೆ ಅಡುಗೆಮನೆಗೆ ಸರಿಯುವುದನ್ನು ನೋಡಿ ಬೆಳೆದವಳು ನಾನು. ನೀವು ಸೊಫ್ರೆ ಹಾಸುವವರಾದರೆ ದಯವಿಟ್ಟು ಈ ನಿಯಮ ಬಿಡಿ. ಶಿರಾಜ್‌ನಲ್ಲಿ ನನಗೆ ಮೆಲ್ಲಗೆ ಉಜ್ಜಲು ಕಲಿಸಿದ ಚಿಕ್ಕಮ್ಮ ವಿಧವೆ. ಮದುಮಗಳೇ ಅವರನ್ನು ಕೂಗಿ ಕರೆದಿದ್ದಳು.

ಸೂಜಿ ಮತ್ತು ಏಳು ಬಣ್ಣದ ದಾರದ ವಿಷಯವೂ ಇದೆ. ಬಟ್ಟೆಗೆ ಎರಡು ಹೊಲಿಗೆ ಹಾಕಿ 'ಅತ್ತೆಯ ನಾಲಿಗೆ ಹೊಲಿದೆ' ಅನ್ನುತ್ತಾರೆ. ನಗಲಿಕ್ಕೆಂದೇ ಇರುವುದು. ಆದರೂ ಬೀಗಿತಿಗೆ ಬೇಸರವಾದೀತೇ ಎಂದು ಮೊದಲೇ ತಿಳಿದುಕೊಳ್ಳಿ.

ಐದನೆಯ ಹೆಜ್ಜೆ: ಮೂರು ಸಲದ ಪ್ರಶ್ನೆ

ವರ ಮೊದಲು ಬಂದು ಕೂರುತ್ತಾನೆ, ಆಮೇಲೆ ವಧು ಬಂದು ಅವನ ಎಡಕ್ಕೆ ಕೂರುತ್ತಾಳೆ. ಕ್ರಿ.ಪೂ. 324ರಲ್ಲಿ ಅಲೆಕ್ಸಾಂಡರ್ ಸೂಸಾ ನಗರದಲ್ಲಿ ತನಗೂ ತನ್ನ ಸೇನಾನಿಗಳಿಗೂ ಪರ್ಷಿಯನ್ ಕ್ರಮದಲ್ಲಿ ಮದುವೆ ಮಾಡಿಸಿದಾಗಲೂ ಹೀಗೇ ನಡೆಯಿತಂತೆ. ಸಾಲಾಗಿ ಆಸನ ಹಾಕಿ ವರರನ್ನು ಕೂರಿಸಿದ್ದರು, ಆಮೇಲೆ ವಧುಗಳು ಬಂದು ತಂತಮ್ಮ ಗಂಡಂದಿರ ಪಕ್ಕ ಕೂತರು ಎಂದು ಇತಿಹಾಸಕಾರ ಅರಿಯನ್ ಬರೆದಿದ್ದಾನೆ.

ಮದುವೆ ಮಾಡಿಸುವವರನ್ನು 'ಆಗೆದ್' ಅನ್ನುತ್ತಾರೆ. ಅವರು ಮೆಹ್ರಿಯೆಯ ಪಟ್ಟಿಯನ್ನು ಗಟ್ಟಿಯಾಗಿ ಓದಿ ವಧುವನ್ನು ಕೇಳುತ್ತಾರೆ: ಈ ಷರತ್ತುಗಳ ಮೇಲೆ ನಿಮ್ಮನ್ನು ಇಂಥವರಿಗೆ ಮದುವೆ ಮಾಡಿಕೊಡಲು "ವಕೀಲಂ?" ನಾನು ನಿಮ್ಮ ವಕೀಲನೇ? ಕೋರ್ಟಿನ ಮೆಟ್ಟಿಲು ಹತ್ತಿದ ಕನ್ನಡಿಗರೆಲ್ಲ ಬಳಸುವ ಆ ಪದವೇ. ಮದುವೆಯ ಮಂಟಪದಲ್ಲಿ ಅದು ಕಿವಿಗೆ ಬಿದ್ದಾಗ ನಾನು ಬೆಚ್ಚಿದ್ದೆ. ವಕೀಲ, ಕರಾರು, ದಫ್ತರ, ಈ ಪದಗಳೆಲ್ಲ ಪರ್ಷಿಯನ್ ಆಡಳಿತದ ಕಾಲದಲ್ಲಿ ನಮ್ಮ ಭಾಷೆಗೆ ಬಂದು ಬಾಳಿದವು.

ವಧು ಉತ್ತರಿಸಬಾರದು. ಅವಳ ಪರವಾಗಿ ಹೆಂಗಸರೇ ಕೂಗುತ್ತಾರೆ: "ಅರೂಸ್ ರಫ್ತೆ ಗೊಲ್ ಬೆಚಿನೆ!" ಮದುಮಗಳು ಹೂ ಕೀಳಲು ಹೋಗಿದ್ದಾಳೆ!

ಎರಡನೆಯ ಸಲ ಅದೇ ಪ್ರಶ್ನೆ. "ಅರೂಸ್ ರಫ್ತೆ ಗೊಲಾಬ್ ಬಿಯಾರೆ!" ಗುಲಾಬಿ ನೀರು ತರಲು ಹೋಗಿದ್ದಾಳೆ!

ಈಗ ವರನ ತಾಯಿ ಎದ್ದು ಬಂದು ಒಂದು ಒಡವೆ ಕೊಡುತ್ತಾರೆ. ಬಾಯಿ ಬಿಡಿಸುವ ಉಡುಗೊರೆ, ಹೆಸರು 'ಜೀರ್ ಲಫ್ಜಿ'. ಮೂರನೆಯ ಸಲ ಕೇಳಿದಾಗ ಕೋಣೆ ನಿಶ್ಶಬ್ದವಾಗುತ್ತದೆ. ವಧು ಹೇಳುತ್ತಾಳೆ: ತಂದೆತಾಯಿಯ, ಹಿರಿಯರ ಅನುಮತಿಯೊಂದಿಗೆ, ಬಲೇ. ಆ ಕೂಡಲೇ ಹೆಂಗಸರು ನಾಲಿಗೆ ಹೊರಳಿಸಿ 'ಕೆಲ್' ಹಾಕುತ್ತಾರೆ, ಚಪ್ಪಾಳೆ, ನೊಗ್ಲ್ ಮತ್ತು ನಾಣ್ಯದ ಮಳೆ. ವರನನ್ನು ಕೇಳುವುದು ಒಂದೇ ಸಲ, ಅವನು ತಡಮಾಡದೆ ಹೌದೆನ್ನುತ್ತಾನೆ.

ಅತಿಥಿಗಳಿಗೆ ಇಲ್ಲಿ ಒಂದೇ ಕೆಲಸ: ಮೂರನೆಯ ಉತ್ತರದವರೆಗೆ ಚಪ್ಪಾಳೆ ಬೇಡ. ಪಾರ್ಸಿಗಳ ಆಶೀರ್ವಾದ್‌ನಲ್ಲೂ ಪುರೋಹಿತರು ಒಪ್ಪಿಗೆಯನ್ನು ಮೂರು ಸಲ ಕೇಳುತ್ತಾರೆ. ಇರಾನಿನ ಜರತುಷ್ಟ್ರಿಯರು ಮದುವೆಗೇ 'ಗವಾಹ್‌ಗಿರಿ' ಅನ್ನುತ್ತಾರೆ, ಅಂದರೆ ಸಾಕ್ಷಿ ಹಿಡಿಯುವುದು. ಕನ್ನಡಿ, ದೀಪ, ಸಕ್ಕರೆ ಎಲ್ಲ ಇರುವುದು ಈ ಒಂದು ಮಾತಿಗಾಗಿ, ಅವಳು ಬಾಯಿಬಿಟ್ಟು ಹೇಳುವ, ಎಲ್ಲರೂ ಕೇಳಿಸಿಕೊಳ್ಳುವ ಮಾತಿಗಾಗಿ. ಅವಳು ಹೂ ಕೀಳಲು ಹೋಗಿದ್ದಾಳೆಂದು ಕೂಗುವಾಗ ಇಡೀ ಬಳಗ ಅವಳಿಗೆ ಯೋಚಿಸಲು ಸಮಯ ಕೊಡುತ್ತಿದೆ ಎಂದೇ ನನಗನ್ನಿಸಿತು.

ಆಮೇಲೆ ಉಂಗುರ. ಆಮೇಲೆ ಜೇನು: ಇಬ್ಬರೂ ಕಿರುಬೆರಳು ಅದ್ದಿ ಒಬ್ಬರಿಗೊಬ್ಬರು ತಿನ್ನಿಸುತ್ತಾರೆ. ಕೊನೆಗೆ ದಫ್ತರಕ್ಕೆ ಸಹಿ. ಸಹಿ ಒಂದೆರಡಲ್ಲ, ಪುಟಪುಟಕ್ಕೂ. ಅಚ್ಚಾದ ಕರಾರಿನಲ್ಲಿ ಹನ್ನೆರಡು ಷರತ್ತುಗಳಿವೆ, ಗಂಡ ಸಹಿ ಹಾಕಿದರೆ ಅಂಥ ಸಂದರ್ಭಗಳಲ್ಲಿ ವಿಚ್ಛೇದನ ಕೇಳುವ ಅಧಿಕಾರ ಹೆಂಡತಿಗೆ ಬರುತ್ತದೆ. ನಿಮ್ಮ ಮನೆಯ ಹುಡುಗಿ ವಧುವಾಗಿದ್ದರೆ ಇವನ್ನು ಹಿಂದಿನ ವಾರವೇ ತಿಳಿದವರಿಂದ ಓದಿಸಿಕೊಳ್ಳಿ. ಆ ಗಲಾಟೆಯಲ್ಲಿ ಯಾರೂ ಓದುವುದಿಲ್ಲ.

ಆರನೆಯ ಹೆಜ್ಜೆ: ಊಟ, ಕುಣಿತ, ಉಡುಗೊರೆ

ರಾತ್ರಿಯ ಔತಣ 'ಅರೂಸಿ'. ಹೊಟ್ಟೆ ಖಾಲಿ ಇಟ್ಟುಕೊಂಡು, ತಡವಾಗಿ ಊಟ ಬರುತ್ತದೆಂದು ತಿಳಿದು ಹೋಗಿ. ಮದುವೆಯ ಅನ್ನ 'ಜವಾಹೆರ್ ಪೊಲೊ': ಕೇಸರಿ ಅನ್ನದ ಮೇಲೆ ಕಿತ್ತಳೆ ಸಿಪ್ಪೆಯ ಎಳೆ, ಜರೆಶ್ಕ್ ಎಂಬ ಹುಳಿ ಒಣಹಣ್ಣು, ಪಿಸ್ತಾ, ಬಾದಾಮಿ, ಕ್ಯಾರೆಟ್. ರತ್ನದ ಅನ್ನವೆಂಬ ಹೆಸರು ಸಾರ್ಥಕ. ಕೇಕ್ ಕತ್ತರಿಸುವ ಮುಂಚೆ ಹುಡುಗಿಯರು ಚಾಕು ಹಿಡಿದು ಸರದಿಯಲ್ಲಿ ಕುಣಿಯುತ್ತಾರೆ. ವರ ದುಡ್ಡು ಕೊಟ್ಟು ಅದನ್ನು ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಬಾಗಿಲು ಅಡ್ಡಗಟ್ಟುವ ನಾದಿನಿಯರ ಕೆಲಸವೇ ಇದು. ಉಡುಗೊರೆಗೆ ಚಿನ್ನದ ನಾಣ್ಯ, ಅರ್ಧ ಅಥವಾ ಕಾಲು ನಾಣ್ಯ, ಇಲ್ಲವೇ ಲಕೋಟೆಯಲ್ಲಿ ಹಣ. ಪಾತ್ರೆಪಗಡ ಬೇಡ.

ಮರುದಿನದ ನಂತರ

ಬಂಧುಗಳು ಹೊಸ ಜೋಡಿಯನ್ನು ಒಬ್ಬೊಬ್ಬರಾಗಿ ಮನೆಗೆ ಊಟಕ್ಕೆ ಕರೆಯುತ್ತಾರೆ. ಇದಕ್ಕೆ 'ಪಾಗೊಶಾ', ಕಾಲು ಬಿಚ್ಚುವುದು, ಎಂದು ಹೆಸರು. ಆ ಊಟವಾಗುವ ತನಕ ಅವರು ನಿಮ್ಮ ಮನೆಗೆ ತಾವಾಗಿ ಬರಲು ಸಂಕೋಚಪಡುತ್ತಾರೆ. ಹತ್ತಿರದವರಾಗಿದ್ದರೆ ಬೇಗ ಕರೆಯಿರಿ.

ಸೊಫ್ರೆ ಎತ್ತುವಾಗ ಏನೇನು ಎಲ್ಲಿಗೆ ಎಂಬುದೂ ಗೊತ್ತಿರಲಿ. ರೊಟ್ಟಿ, ಸಿಹಿ, ಹಣ್ಣು ಅಂದೇ ಹಂಚಿಹೋಗಬೇಕು. ಕನ್ನಡಿ, ದೀಪದ ಕಂಬ ಹೊಸ ಮನೆಯ ಹಜಾರಕ್ಕೆ. ಬಟ್ಟೆಯನ್ನು ಮಡಿಸಿ ಮುಂದಿನ ಮದುವೆಗೆ ಎತ್ತಿಡಬೇಕು. ತಲೆಯ ಮೇಲೆ ಹಿಡಿದಿದ್ದ ಬಿಳಿ ಬಟ್ಟೆಯನ್ನು ಅಂಗಳದಲ್ಲಿ ಕೊಡವಿ, ಒಳಗೆ ಕೊಡವಿದರೆ ಒಂದು ವಾರ ಇರುವೆ. ಕೊಂಬೆಯ ಹಾಗೆ ಹರಳುಗಟ್ಟಿದ ಕಲ್ಲುಸಕ್ಕರೆ 'ನಬಾತ್' ಇದೆಯಲ್ಲ, ಕರಾರಿನಲ್ಲಿ ಬರೆದದ್ದು, ಅದನ್ನು ಡಬ್ಬಿಯಲ್ಲಿ ಹಾಕಿ ಅಡುಗೆಮನೆಯಲ್ಲಿಡಿ. ಇರಾನಿನಲ್ಲಿ ಹೊಟ್ಟೆನೋವಿಗೆ ಮೊದಲ ಔಷಧ ಬಿಸಿ ಚಹಾದಲ್ಲಿ ಕರಗಿಸಿದ ನಬಾತ್. ನನ್ನ ಗೆಳತಿಯ ತಂಗಿ ಮದುವೆಯ ನಬಾತ್‌ನ ಒಂದು ತುಂಡನ್ನು ಮುರಿದು ನನಗೂ ಕಟ್ಟಿಕೊಟ್ಟಿದ್ದಳು. ಪ್ರಯಾಣದಲ್ಲಿ ಹೊಟ್ಟೆ ಕೆಟ್ಟರೆ ಇರಲಿ ಎಂದು.